ವೆಸ್ಸೆಲ್ ಇಂಪ್ಯಾಕ್ಟಾ: ಹಳೆಯ ಜಪಾನೀ ಬೈಕಿನ ಹಟಮಾರಿ ಸ್ಕ್ರೂಗಳಿಗೆ ತಕ್ಕ ಡ್ರೈವರ್

ಹಳೆಯ ಜಪಾನೀ ಬೈಕೊಂದನ್ನು ಮನೆಯ ಗ್ಯಾರೇಜಿನಲ್ಲಿ ಬಿಚ್ಚಲು ಕೂತವರಿಗೆ ಮೊದಲ ತಡೆ ಎದುರಾಗುವುದು ಸಾಮಾನ್ಯವಾಗಿ ಕ್ಲಚ್ ಕವರ್ ಮತ್ತು ಮ್ಯಾಗ್ನೆಟ್ ಕವರ್‌ಗಳ ಪ್ಲಸ್ ಸ್ಕ್ರೂಗಳಲ್ಲಿ. ಅಲ್ಯೂಮಿನಿಯಂ ಎಂಜಿನ್ನಿಗೆ ಹಾಕಿದ ಉಕ್ಕಿನ ಸ್ಕ್ರೂ ದಶಕಗಳ ಕಾಲ ತೇವ ಕುಡಿದು ಕೂತಾಗ ಎರಡು ಲೋಹಗಳ ನಡುವೆ ವಿದ್ಯುತ್‌ರಾಸಾಯನಿಕ ಕ್ರಿಯೆ ನಡೆದು, ಅಲ್ಯೂಮಿನಿಯಂ ಸವೆದು, ಬಿಳಿ ಪುಡಿಯಾಗಿ ಥ್ರೆಡ್‌ಗಳ ಸಂದಿಯನ್ನೆಲ್ಲ ತುಂಬಿಕೊಳ್ಳುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕಾದ್ದರಿಂದ ಸ್ಕ್ರೂ ಬೆಣೆ ಹೊಡೆದಂತೆ ಬಿಗಿದುಕೊಳ್ಳುತ್ತದೆ. ಮಾಮೂಲಿ ಸ್ಕ್ರೂಡ್ರೈವರಿನಿಂದ ಬಲ ಹಾಕಿ ತಿರುಗಿಸಿದರೆ ತುದಿ ಮೇಲಕ್ಕೆ ಜಾರಿ, ತಲೆಯ ಕಚ್ಚು ಸವೆದು ದುಂಡಗಾಗುತ್ತದೆ. ಆಮೇಲೆ ಉಳಿಯುವುದು ಹೆಚ್ಚಾಗಿ ಡ್ರಿಲ್ ಹಾಕಿ ತಲೆ ಹಾರಿಸುವ ದಾರಿ.

ಜಪಾನಿನ ವೆಸ್ಸೆಲ್ ಕಂಪನಿಯ ಮೆಗಾಡೋರಾ ಇಂಪ್ಯಾಕ್ಟಾ, ಅಂದರೆ 980 ಸಂಖ್ಯೆಯ ಮಾದರಿ, ಇದೇ ತೊಂದರೆಗೆಂದು ರೂಪಿಸಿದ ಉಪಕರಣ. ನೋಡಲು ದಪ್ಪ ಹಿಡಿಕೆಯ ಸ್ಕ್ರೂಡ್ರೈವರಿನಂತೆಯೇ ಇದೆ; ಹಿಡಿಕೆಯ ಹಿಂಬದಿಯಲ್ಲಿ ಸುತ್ತಿಗೆಯ ಪೆಟ್ಟು ತಡೆಯುವ ಲೋಹದ ಟೊಪ್ಪಿಗೆಯಿದೆ. ಅಲ್ಲಿ ಹೊಡೆದಾಗ ಒಳಗಿನ ಯಾಂತ್ರಿಕ ರಚನೆ ತುದಿಯನ್ನು ಸುಮಾರು 12 ಡಿಗ್ರಿ ಎಡಕ್ಕೆ ತಿರುಗಿಸುತ್ತದೆ. ತುದಿ ಕಚ್ಚಿನೊಳಕ್ಕೆ ಒತ್ತಿಕೊಳ್ಳುವುದೂ ತಿರುಗುವುದೂ ಒಂದೇ ಕ್ಷಣದಲ್ಲಿ ನಡೆಯುವುದರಿಂದ ಜಾರುವ ಸಂಭವ ಬಹಳ ಕಡಿಮೆ. ಹೊಡೆಯದೆ ಕೈಯಿಂದ ತಿರುಗಿಸಿದರೆ ಇದು ಸಾಧಾರಣ ಸ್ಕ್ರೂಡ್ರೈವರ್ ಆಗಿಯೂ ಕೆಲಸ ಮಾಡುತ್ತದೆ.

ಆದರೆ ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ತುದಿಯ ಆಕಾರದಲ್ಲಿ. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಪ್ಲಸ್ ಕಚ್ಚಿಗೂ ಜಪಾನಿನ ಜೆಐಎಸ್ ಮಾನದಂಡದ ಕಚ್ಚಿಗೂ ಕಣ್ಣಿಗೆ ಸುಲಭವಾಗಿ ಕಾಣದ ವ್ಯತ್ಯಾಸವಿದೆ. ಫಿಲಿಪ್ಸ್ ತುದಿ ಜೆಐಎಸ್ ಸ್ಕ್ರೂವಿನೊಳಗೆ ಪೂರ್ತಿ ಇಳಿಯುವ ಮೊದಲೇ ತಡೆದು ನಿಲ್ಲುತ್ತದೆ, ಆದ್ದರಿಂದ ಬಲವೆಲ್ಲ ಕಚ್ಚಿನ ಮೇಲಂಚಿನ ಮೇಲೆ ಬೀಳುತ್ತದೆ. ಇಂಪ್ಯಾಕ್ಟಾದ ತುದಿ ಜೆಐಎಸ್ ಕಚ್ಚಿಗೆ ಹೊಂದುವಂಥದ್ದು, ಹಾಗಾಗಿ ಆಳಕ್ಕೆ ಇಳಿದು, ಅಲುಗಾಡದೆ ಕೂರುತ್ತದೆ. ಜಪಾನೀ ಬೈಕುಗಳ ಅನೇಕ ಸ್ಕ್ರೂಗಳ ತಲೆಯ ಮೇಲೆ ಕಚ್ಚಿನ ಪಕ್ಕದಲ್ಲಿ ಸಣ್ಣದೊಂದು ಚುಕ್ಕಿ ಇರುತ್ತದೆ. ಅದು ಕಂಡರೆ ಫಿಲಿಪ್ಸ್ ಡ್ರೈವರನ್ನು ಪಕ್ಕಕ್ಕಿಡುವುದೇ ಕ್ಷೇಮ.

ಕೊಳ್ಳುವಾಗ ಅಳತೆಯನ್ನು ಗಮನಿಸಬೇಕು. ಹೆಚ್ಚಾಗಿ ಸಿಗುವ ಪಿ2 (ಎರಡನೇ ಅಳತೆಯ ಪ್ಲಸ್) ತುದಿ 3ರಿಂದ 5 ಮಿಲಿಮೀಟರ್ ಥ್ರೆಡ್ ವ್ಯಾಸದ ಸ್ಕ್ರೂಗಳಿಗೆ ಹೊಂದುತ್ತದೆ, ಆದರೆ ಎಂಜಿನ್ ಕವರ್‌ಗಳಲ್ಲಿ ಸಾಮಾನ್ಯವಾಗಿರುವ 6 ಮಿಲಿಮೀಟರ್ ಸ್ಕ್ರೂಗಳಿಗೆ ಬೇಕಾದದ್ದು ಪಿ3. ಪಿ2 ಒಂದನ್ನೇ ಕೊಂಡು ಕವರ್ ಬಿಚ್ಚಲು ಹೋದರೆ ಈ ಉಪಕರಣದ ಬಗ್ಗೆ ತಪ್ಪು ಅಭಿಪ್ರಾಯ ಮೂಡುವುದು ಖಂಡಿತ.

ಕಚ್ಚಿನೊಳಗಿನ ಮಣ್ಣು, ಬಣ್ಣವನ್ನು ಸೂಜಿಯಿಂದ ಪೂರ್ತಿ ಕೆರೆದು ತೆಗೆದು, ಸಂದಿಗಳಿಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಟ್ಟು, ನಂತರ ಡ್ರೈವರನ್ನು ನೇರವಾಗಿ ಹಿಡಿದು ಹೊಡೆಯಬೇಕು. ಅಳುಕಿ ಹತ್ತು ಬಾರಿ ತಟ್ಟುವುದಕ್ಕಿಂತ ಭಾರದ ಸುತ್ತಿಗೆಯ ಒಂದು ಗಟ್ಟಿ ಪೆಟ್ಟು ಮೇಲು. ಸ್ಕ್ರೂ ಸಡಿಲಗೊಂಡ ಗಳಿಗೆಯಲ್ಲಿ ತಲೆಯ ಸುತ್ತ ಬಿಳಿ ಪುಡಿಯ ತೆಳುವಾದ ಗೆರೆಯೊಂದು ಬಿರಿದು ಕಾಣುತ್ತದೆ. ಅಲ್ಲಿಂದ ಮುಂದೆ ಸುತ್ತಿಗೆ ಬೇಡ, ಕೈಯಿಂದಲೇ ತಿರುಗಿಸಬಹುದು. ಪೆಟ್ಟಿಗೂ ಜಗ್ಗದಿದ್ದರೆ ಸ್ಕ್ರೂವಿನ ಸುತ್ತಲಿನ ಜಾಗಕ್ಕೆ ಹೀಟ್ ಗನ್ ಹಿಡಿಯುವುದುಂಟು, ಏಕೆಂದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪೆಟ್ರೋಲ್ ಟ್ಯಾಂಕ್ ಮತ್ತು ಕಾರ್ಬ್ಯುರೇಟರ್‌ಗಳನ್ನು ಮೊದಲೇ ಕಳಚಿ ದೂರ ಇಟ್ಟಿರಬೇಕು ಎಂಬುದನ್ನು ಮಾತ್ರ ಮರೆಯಬಾರದು. ಕಣ್ಣಿಗೆ ಸುರಕ್ಷಾ ಕನ್ನಡಕವೂ ಬೇಕೇ ಬೇಕು.

ಇದಕ್ಕೆ ಮಿತಿಗಳಿವೆ. ಇದು ತಿರುಗುವುದು ಎಡಕ್ಕೆ ಮಾತ್ರ, ಬಿಗಿ ಮಾಡುವಾಗ ಪೆಟ್ಟಿನ ನೆರವಿಲ್ಲ. ಕವರ್ ಸ್ಕ್ರೂಗಳಿಗೆ 10 ನ್ಯೂಟನ್ ಮೀಟರಿನ ಆಸುಪಾಸಿನ ಬಿಗಿತ ಸಾಕಾಗುವುದರಿಂದ ಅದೊಂದು ಕೊರತೆ ಎನಿಸುವುದಿಲ್ಲ. ತುದಿಯನ್ನು ಬದಲಿಸುವಂತಿಲ್ಲ, ಹಾಗಾಗಿ ಒಂದೊಂದು ಅಳತೆಗೂ ಬೇರೆ ಡ್ರೈವರ್ ಕೊಳ್ಳಬೇಕು. ಅರ್ಧ ಇಂಚಿನ ಬಿಟ್ ಹೋಲ್ಡರ್ ಇರುವ ಭಾರದ ಇಂಪ್ಯಾಕ್ಟ್ ಡ್ರೈವರ್ ಎರಡೂ ದಿಕ್ಕಿಗೆ ತಿರುಗುತ್ತದೆ, ಹೆಚ್ಚು ಬಲವನ್ನೂ ಕೊಡುತ್ತದೆ, ತೀರಾ ತುಕ್ಕು ಹಿಡಿದ ದೊಡ್ಡ ಸ್ಕ್ರೂಗಳಿಗೆ ಅದೇ ಸರಿ. ಆದರೆ ಅದರೊಂದಿಗೆ ಬರುವ ಬಿಟ್‌ಗಳು ಬಹುಮಟ್ಟಿಗೆ ಫಿಲಿಪ್ಸ್ ಆಕಾರದವು, ಮತ್ತು ಅದರ ತೂಕದ ಪೆಟ್ಟಿಗೆ ತೆಳುವಾದ ಕವರ್ ಬಿರುಕು ಬಿಡುವ ಭಯವಿದೆ. ಕಾರ್ಬ್ಯುರೇಟರಿನ ಫ್ಲೋಟ್ ಬೌಲ್ (ತಳದ ಪೆಟ್ರೋಲ್ ಬಟ್ಟಲು) ಸ್ಕ್ರೂಗಳಿಗೆ ಇವೆರಡರ ಪೆಟ್ಟೂ ಸಲ್ಲದು. ಆ ಮೆದು ಲೋಹದ ಮೇಲೆ ಇಂಪ್ಯಾಕ್ಟಾವನ್ನು ಬರಿಗೈಯಲ್ಲಿ ಒತ್ತಿ ತಿರುಗಿಸಿದರೆ ಸಾಕು.

ಕಾರ್ಖಾನೆಯಿಂದ ಬಂದ ಸ್ಕ್ರೂಗಳನ್ನೇ ತೊಳೆದು ಮತ್ತೆ ಹಾಕಬೇಕೆನ್ನುವವರು ಪಿ2 ಮತ್ತು ಪಿ3 ಎರಡನ್ನೂ ಕೊಳ್ಳುವುದು ಒಳ್ಳೆಯದು. ಹಳೆಯ ಸ್ಕ್ರೂಗಳನ್ನೆಲ್ಲ ಎಸೆದು ಅಲೆನ್ ಬೋಲ್ಟ್ ಹಾಕುವ ಯೋಚನೆಯಿರುವವರಿಗೂ ಅವನ್ನು ಬಿಚ್ಚುವ ಮಟ್ಟಿಗೆ ಪಿ3 ಬೇಕಾಗುತ್ತದೆ. ನೇರ ಗೆರೆಯ ಕಚ್ಚಿನ ಸ್ಕ್ರೂಗಳೇ ಹೆಚ್ಚಿರುವ ಹಳೆಯ ಬ್ರಿಟಿಷ್ ಬೈಕುಗಳಿಗೆ ಮಾತ್ರ ಪ್ಲಸ್ ತುದಿಯ ಈ ಡ್ರೈವರಿನಿಂದ ಹೆಚ್ಚಿನ ಪ್ರಯೋಜನವಿಲ್ಲ.