ಶಸ್ತ್ರಚಿಕಿತ್ಸೆಗೆ ಮುನ್ನ ಕುಡಿಸಿದ ಕಾರ್ಬೋಹೈಡ್ರೇಟ್ ಪುಡಿ

ಕಳೆದ ತಿಂಗಳು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನನ್ನ ಅತ್ತಿಗೆಗೆ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾಯಿತು. ಅರಿವಳಿಕೆ ವೈದ್ಯರು ಬರೆದುಕೊಟ್ಟ ಪುಡಿಯನ್ನು ಮಾಟುಂಗದ ಔಷಧದಂಗಡಿಯಿಂದ ತಂದೆ. ಹಿಂದಿನ ರಾತ್ರಿ 800 ಮಿ.ಲೀ. ನೀರಿಗೆ 100 ಗ್ರಾಂ, ಬೆಳಿಗ್ಗೆ 400 ಮಿ.ಲೀ.ಗೆ 50 ಗ್ರಾಂ ಬೆರೆಸಿ ಕೊಡಬೇಕು, ಬೆಳಗಿನದು ಅರಿವಳಿಕೆಗೆ ಎರಡು ಗಂಟೆ ಮೊದಲೇ ಮುಗಿದಿರಬೇಕು ಎಂದು ಚೀಟಿಯಲ್ಲಿತ್ತು.

ಪುಡಿಯಲ್ಲಿರುವುದು ಮುಖ್ಯವಾಗಿ ಮಾಲ್ಟೋಡೆಕ್ಸ್ಟ್ರಿನ್, ಅಂದರೆ ಪಿಷ್ಟದಿಂದ ತಯಾರಿಸಿದ ಕಾರ್ಬೋಹೈಡ್ರೇಟ್. ಸಕ್ಕರೆಯಷ್ಟು ಸಿಹಿಯಿಲ್ಲದ ಕಾರಣ ಅಷ್ಟು ಪ್ರಮಾಣವನ್ನೂ ಅವರು ಓಕರಿಕೆಯಿಲ್ಲದೆ ಕುಡಿದರು. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿ ಕದಡಬೇಕು.

ಐದು ವರ್ಷಗಳ ಹಿಂದೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದಾಗ ನಡುರಾತ್ರಿಯಿಂದ ಹನಿ ನೀರೂ ಕೊಡದೆ, ಮಧ್ಯಾಹ್ನ ಮೂರರವರೆಗೆ ಕಾಯಿಸಿದ್ದರು. ಒಣಗಿದ ತುಟಿ, ತಲೆನೋವು, ಅಂಜಿಕೆಯಿಂದ ಅವರು ಬಳಲಿದ್ದನ್ನು ನಾನು ಮರೆತಿಲ್ಲ. ಈ ಸಲ ಬಾಯಾರಿಕೆಯೂ ಹಸಿವೂ ಕಾಡದೆ, ಮಾತಾಡುತ್ತಲೇ ಒಳಗೆ ಹೋದರು. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಇಷ್ಟೇ ಸಾಕು.

ಆದರೆ ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿರುವ 'ಶೀಘ್ರ ಚೇತರಿಕೆ'ಯನ್ನು ಅಳತೆಯಿಂದ ನಂಬಬೇಕು. ಉಪವಾಸವಿದ್ದ ದೇಹಕ್ಕೆ ಶಸ್ತ್ರಚಿಕಿತ್ಸೆಯ ಆಘಾತವೂ ಸೇರಿದಾಗ ಇನ್ಸುಲಿನ್‌ಗೆ ಅದು ಸರಿಯಾಗಿ ಸ್ಪಂದಿಸುವುದಿಲ್ಲ; ಈ ಪಾನೀಯ ಆ ತೊಡಕನ್ನು ತಗ್ಗಿಸುತ್ತದೆ. ಹಾಗಿದ್ದರೂ 27 ಪ್ರಯೋಗಗಳ 1,976 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆಯಲ್ಲಿ ಆಸ್ಪತ್ರೆವಾಸ ಕಡಿಮೆಯಾದದ್ದು ಸರಾಸರಿ 0.3 ದಿನ ಮಾತ್ರ, ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅತ್ತಿಗೆ ಮರುದಿನವೇ ಎದ್ದು ನಡೆದರು ನಿಜ. ನೋವಿನ ನಿರ್ವಹಣೆಗೂ ಬೇಗನೆ ನಡೆಸಿದ ದಾದಿಯರಿಗೂ ಅದರ ಶ್ರೇಯಸ್ಸು ಸಲ್ಲಬೇಕು.

'ಇದಕ್ಕಿಂತ ಗಂಜಿ ಒಳ್ಳೆಯದಲ್ಲವೇ' ಎಂದು ನಮ್ಮ ಅಮ್ಮ ಕೇಳಿದ್ದರು. ಗಂಜಿಯೂ ಹಾಲೂ ಹೊಟ್ಟೆಯಿಂದ ಬೇಗ ಖಾಲಿಯಾಗುವ ತಿಳಿ ದ್ರವಗಳಲ್ಲ. ಅರಿವಳಿಕೆಯಲ್ಲಿ ಅವು ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ ಎಂದು ವೈದ್ಯರು ತಾಳ್ಮೆಯಿಂದ ತಿಳಿಸಿದರು.

ಒಂದು ಪೊಟ್ಟಣ ಉಳಿದಿದೆ. ಡೊಂಬಿವಲಿಯಲ್ಲಿರುವ ಅತ್ತಿಗೆಯ ಅಕ್ಕ ತಮ್ಮ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಅದನ್ನು ಕೇಳಿದರು. ಅವರಿಗೆ ಮಧುಮೇಹವಿರುವುದರಿಂದ ಕೊಡಲಿಲ್ಲ. ಮೊದಲು ಅವರ ಅರಿವಳಿಕೆ ವೈದ್ಯರ ಒಪ್ಪಿಗೆ ಪಡೆಯಲು ಹೇಳಿದ್ದೇನೆ.