ಒಂದು ಬೆರಳಗಲದ ಬಾಯಿ: ವಿಡಿಯೊ ಬ್ಲೇಡೋ, ಫೈಬರ್ ಸ್ಕೋಪೋ?

ಅರಿವಳಿಕೆ ಕೊಟ್ಟ ಮಗುವಿನ ಬಾಯಿ ತೆರೆಯುವುದೇ ಕಷ್ಟವಾದಾಗ ಶ್ವಾಸನಾಳಕ್ಕೆ ಉಸಿರಿನ ಟ್ಯೂಬ್ ಇಳಿಸುವುದು ಹೇಗೆ? ನಾನು ಫೈಬರ್ ಸ್ಕೋಪಿನ ಪಕ್ಷ, ಅಂದರೆ ತುದಿಯಿಂದ ಒಳಗಿನ ಚಿತ್ರ ತೋರಿಸುವ, ಬಾಗುವ ತೆಳು ನಳಿಕೆ. ವಿಡಿಯೊ ಲ್ಯಾರಿಂಗೋಸ್ಕೋಪ್ (ನಾಲಗೆ ಸರಿಸಿ ಗಂಟಲನ್ನು ಪರದೆಯಲ್ಲಿ ತೋರಿಸುವ, ಕ್ಯಾಮೆರಾ ಇರುವ ಬ್ಲೇಡ್) ಬೇಕೇ ಬೇಕು ಅಂತ ವಿಭಾಗದಲ್ಲಿ ಹಟ ಹಿಡಿದು ಕೊಡಿಸಿದವನೂ ನಾನೇ ಆದ್ದರಿಂದ ಈ ಮಾತು ಹೇಳುವ ಹಕ್ಕು ನನಗಿದೆ.

ಮಗುವಿಗೆ ಆರು ವರ್ಷ, ಹಲ್ಲು ಕೀಳಿಸಬೇಕಿತ್ತು. ಕಾಯಿಲೆ ಎಪಿಡರ್ಮೊಲೈಸಿಸ್ ಬುಲೋಸಾ, ಡಿಸ್ಟ್ರೋಫಿಕ್ ಬಗೆ: ಚರ್ಮದ ಪದರಗಳನ್ನು ಹಿಡಿದಿಡುವ ಏಳನೆಯ ಬಗೆಯ ಕೊಲಾಜೆನ್ ಪ್ರೋಟೀನ್ ಕೆಟ್ಟು, ಚರ್ಮ ಉಜ್ಜಿದರೆ ಕಳಚುತ್ತದೆ. ನೇರವಾಗಿ ಒತ್ತಿದರೆ ತಡೆದೀತು, ಎಳೆದರೆ ತಡೆಯದು. ಗಾಯ ಮಾಯ್ದು ಮಾಯ್ದು ಬಾಯಿ ಕಿರಿದಾಗಿತ್ತು, ನಾಲಗೆ ತಳಕ್ಕೆ ಅಂಟಿತ್ತು. ಬ್ಲೇಡ್ ಹೇಗೋ ಒಳಗೆ ಹೋಯಿತು, ಪರದೆಯಲ್ಲಿ ಧ್ವನಿಪೆಟ್ಟಿಗೆ ಚಂದವಾಗಿ ಕಂಡಿತು. ಆದರೆ ಪಕ್ಕದಲ್ಲಿ ಟ್ಯೂಬ್ ತೂರಲು ಜಾಗವಿಲ್ಲ. ಚೂರು ಓರೆ ಮಾಡಿದ್ದಕ್ಕೇ ತುಟಿಯಂಚಿನಲ್ಲಿ ಗುಳ್ಳೆ ಎದ್ದಿತು.

ಬ್ಲೇಡ್ ತೆಗೆದೆ. ಮಾಸ್ಕಿನಲ್ಲಿ ಉಸಿರು ಕೊಟ್ಟು, ಮೂಗಿನಿಂದ 2.8 ಮಿ.ಮೀ. ಸ್ಕೋಪ್ ಇಳಿಸಿ, ಅದರ ಮೇಲೆ 4.5 ಮಿ.ಮೀ. ಒಳವ್ಯಾಸದ ಟ್ಯೂಬ್ ಜಾರಿಸಿದೆ. ವಯಸ್ಸಿನ ಲೆಕ್ಕಕ್ಕೆ 5 ಬರುತ್ತಿತ್ತು, ಬೇಕೆಂದೇ ಅರ್ಧ ಇಳಿಸಿದ್ದು. ಈ ಬಗೆಯ ಕಾಯಿಲೆಯಲ್ಲಿ ಮೂಗು, ಶ್ವಾಸನಾಳದ ಒಳಪದರ ಬಾಯಿಯಷ್ಟು ಸುಲಭಕ್ಕೆ ಸುಲಿಯುವುದಿಲ್ಲ. ಬಾಯಿ ಪೂರ್ತಿ ಹಲ್ಲಿನ ಡಾಕ್ಟರಿಗೆ ಬಿಟ್ಟುಕೊಟ್ಟಂತೆಯೂ ಆಯಿತು.

ಸ್ಕೋಪಿನ ಪೀಡೆ ಒಂದೇ, ಜಿಡ್ಡು. ಮಾಸ್ಕಿನ ಅಂಚು, ಮಗುವಿನ ಗಲ್ಲ, ನಮ್ಮ ಗ್ಲೌಸು, ಉಜ್ಜದಿರಲೆಂದು ಎಲ್ಲಕ್ಕೂ ವ್ಯಾಸಲೀನ್ ಬಳಿದಿರುತ್ತೇವೆ. ಅದೇ ಕೈಯಲ್ಲಿ ಸ್ಕೋಪಿನ ತುದಿ ಮುಟ್ಟಿದಿರೋ, ಪರದೆ ತುಂಬ ಮಜ್ಜಿಗೆ. ಹೊರಗೆಳೆ, ಒರೆಸು, ಮತ್ತೆ ಇಳಿಸು. ಅವತ್ತು ಮೂರು ಸಲ ಹೀಗಾಯಿತು. ಯಾವ ಉಜ್ಜಾಟ ತಪ್ಪಿಸಲು ಸ್ಕೋಪ್ ಹಿಡಿದೆನೋ, ಅದನ್ನೇ ಮೂಗಿನೊಳಗೆ ಮೂರು ಸಲ ಮಾಡಿದೆ. ಬೆವರಿಳಿದುಹೋಯಿತು.

ಈಗ ಮಾಸ್ಕ್ ಹಿಡಿಯುವವರು ಬೇರೆ, ಸ್ಕೋಪ್ ಹಿಡಿಯುವ ನಾನು ಬೇರೆ. ನನಗೆ ಹೊಸ ಗ್ಲೌಸು. ಜೆಲ್ ಸ್ಕೋಪಿನ ನಳಿಕೆಗೆ ಮಾತ್ರ, ತುದಿಯ ಎರಡು ಬೆರಳಗಲ ಒಣಗಿಯೇ ಇರಬೇಕು.

ಟ್ಯೂಬ್ ಕಟ್ಟುವ ಪಾಡು ಎರಡರಲ್ಲೂ ಒಂದೇ: ಅಂಟುಪಟ್ಟಿ ಬೇಡವೇ ಬೇಡ, ಮೆತ್ತನೆ ಗಾಜ್ ಬಟ್ಟೆಯ ಮೇಲೆ ಹತ್ತಿಯ ಲಾಡಿ.

ಬಾಯಿ ಇನ್ನೂ ಚೆನ್ನಾಗಿ ತೆರೆಯುವ ಪುಟ್ಟ ಕೂಸಾದರೆ ವಿಡಿಯೊವೇ ಸಲೀಸು, ತೊಳೆಯುವ ರಗಳೆಯೂ ಕಡಿಮೆ. ಬಾಯಿ ಮುಚ್ಚಿಕೊಳ್ಳುತ್ತಾ ಬಂದ ಮಕ್ಕಳಿಗೆ ನಾನು ಬ್ಲೇಡ್ ಮುಟ್ಟುವುದಿಲ್ಲ. ಅವತ್ತಿನ ತೆಳು ಸ್ಕೋಪ್ ಇಎನ್‌ಟಿಯವರಿಂದ ಕಡ ತಂದದ್ದು, ತೊಳೆದು ಸಂಜೆಯೊಳಗೆ ಮರಳಿಸಬೇಕಿತ್ತು. ಅದನ್ನು ಕೊಟ್ಟು ವಾರ್ಡಿಗೆ ಹೋದರೆ, ತಾಯಿ ಆಗಲೇ ಪೊಟ್ಟಣದಿಂದ ಹೊಸ ಸೂಜಿ ತೆಗೆದು, ನಾನೆಬ್ಬಿಸಿದ ಗುಳ್ಳೆ ಚುಚ್ಚಿ ನೀರಿಳಿಸುತ್ತಿದ್ದಳು.