ಒಂದೇ ಹಡಗು, ನಾಲ್ಕು ಪುಟ್ಟ ದ್ವೀಪ: ಎಲ್ಲಿ ಇಳಿಯುವುದು?

ಸ್ಯಾಂಟೊರಿನಿಯ ಜಾತ್ರೆ ಬೇಡ, ಈಜು, ನಡಿಗೆ, ಮಧ್ಯಾಹ್ನದ ನಿದ್ದೆ ಇಷ್ಟಿದ್ದರೆ ಸಾಕು ಎನ್ನುವವರು ಗ್ರೀಸಿನ ನಕ್ಷೆಯಲ್ಲಿ ನಾಕ್ಸೊಸ್ ಮತ್ತು ಅಮೊರ್ಗೊಸ್ ನಡುವೆ ಕಣ್ಣಾಡಿಸಬೇಕು. ಅಲ್ಲಿ ಚದುರಿರುವ ಪುಟ್ಟ ಸಿಕ್ಲಡೀಸ್ ದ್ವೀಪಗಳಲ್ಲಿ ಪ್ರವಾಸಿಗರು ಉಳಿಯುವುದು ನಾಲ್ಕರಲ್ಲಿ: ಕೂಫೊನಿಸಿ, ಸ್ಕಿನೂಸಾ, ಇರಾಕ್ಲಿಯಾ, ದೊನೂಸಾ. ನಾಲ್ಕಕ್ಕೂ ವಿಮಾನವಿಲ್ಲ, ಹಡಗೇ ಗತಿ. ದೂರದಿಂದ ಎಲ್ಲವೂ ಒಂದೇ ಅಚ್ಚಿನಂತೆ ಕಾಣುತ್ತವೆ. ಉಳಿದು ನೋಡಿದರೆ ನಾಲ್ಕೂ ನಾಲ್ಕು ತೆರ. ನಮ್ಮ ಮತ ಇರಾಕ್ಲಿಯಾಕ್ಕೆ, ಆದರೆ ಅದು ಎಲ್ಲರಿಗೂ ಒಗ್ಗುವ ಜಾಗವಲ್ಲ.

ಎಲ್ಲರೂ ಮೊದಲು ಹೆಸರು ಕೇಳುವುದು ಕೂಫೊನಿಸಿಯದ್ದು. ಆರು ಚದರ ಕಿಲೋಮೀಟರಿಗೂ ಚಿಕ್ಕದು, ಏರು ಹೆಸರಿಗೆ ಮಾತ್ರ. ಹಡಗಿನಿಂದ ಇಳಿದರೆ ಎದುರಿಗೇ ಊರು. ಅಲ್ಲಿಂದ ಕಡಲಂಚಿನ ದಾರಿ ಹಿಡಿದರೆ ಫಿನಿಕಾಸ್, ಫಾನೊಸ್, ಇಟಾಲಿಡಾ ಎಂದು ಒಂದರ ಬೆನ್ನಿಗೆ ಒಂದು ಮರಳ ದಂಡೆ. ಕೊನೆಯ ಪೋರಿ ತಲುಪಲು ಒಂದು ಗಂಟೆ ಸಾಕು. ನಡೆಯಲಾಗದವರಿಗೆ ಬೇಸಿಗೆಯಲ್ಲಿ ದೋಣಿ ಇರುತ್ತದೆ. ಪೋರಿಗೆ ಮುಂಚೆ ಬಂಡೆಯ ನಡುವೆ ಸಮುದ್ರವೇ ಕೊರೆದ ಕೊಳವೊಂದಿದೆ, ಪಿಸಿನಾ ಎನ್ನುತ್ತಾರೆ. ನೀರು ಒಳಬರುವುದು ಬಂಡೆಯಡಿಯ ಕಂಡಿಯಿಂದ. ಗಾಳಿ ಜೋರಿದ್ದ ದಿನ ಅಲೆ ಅಲ್ಲಿಂದಲೇ ನುಗ್ಗಿ ಈಜುವವರನ್ನು ಗೋಡೆಗೆ ಒತ್ತುತ್ತದೆ. ಮೇಲೆ ನಿಂತು ನೊರೆ ಕಂಡರೆ ಇಳಿಯಬಾರದು. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ, ಇಲ್ಲಿಗೇ ಬನ್ನಿ. ಆದರೆ ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಇದನ್ನು ಶಾಂತ ದ್ವೀಪ ಎನ್ನುವುದು ತಮಾಷೆಯ ಮಾತು. ಬಾಡಿಗೆಯೂ ಆಗ ಕೈ ಕಚ್ಚುತ್ತದೆ.

ಸ್ಕಿನೂಸಾದಲ್ಲಿ ಬಂದರು ಕೆಳಗೆ, ಊರು ಒಂದು ಕಿಲೋಮೀಟರು ಮೇಲೆ. ಕೋಣೆಯವರಿಗೆ ಹಡಗಿನ ಹೊತ್ತು ಮೊದಲೇ ತಿಳಿಸಿದರೆ ಸಾಮಾನ್ಯವಾಗಿ ವ್ಯಾನ್ ಕಳಿಸುತ್ತಾರೆ. ಎಂಟು ಚದರ ಕಿಲೋಮೀಟರಿನಲ್ಲಿ ಹದಿನೈದಕ್ಕೂ ಹೆಚ್ಚು ಸಣ್ಣ ದಂಡೆಗಳಿರುವುದರಿಂದ ಗಾಳಿ ನೋಡಿ ಜಾಗ ಬದಲಿಸಬಹುದು: ಉತ್ತರದ ಗಾಳಿ ಬೀಸಿದರೆ ದಕ್ಷಿಣದ ತ್ಸಿಗೂರಿ, ಗಾಳಿ ನಿಂತರೆ ಈಶಾನ್ಯದ ಪ್ಸಿಲಿ ಆಮೊಸ್. ನೆರಳು ಕಡಿಮೆ. ಇಲ್ಲಿ ಬೆಳೆಯುವ ಫಾವಾ ಬೇಳೆಗೆ ಒಳ್ಳೆಯ ಹೆಸರಿದೆ. ಅರೆದಂತೆ ಬೇಯಿಸಿ, ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ನಮ್ಮ ಗಟ್ಟಿ ತೊವ್ವೆಯ ನಂಟೇ ಸರಿ, ಒಗ್ಗರಣೆಯೊಂದು ಇಲ್ಲ.

ದೊನೂಸಾ ಉಳಿದ ಮೂರರಿಂದ ದೂರ, ನಾಕ್ಸೊಸ್‌ನ ಪೂರ್ವಕ್ಕೆ ಒಂಟಿಯಾಗಿದೆ. 1914ರ ಆಗಸ್ಟಿನಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಳ್ಳುತ್ತಿದ್ದ ಜರ್ಮನ್ ಯುದ್ಧನೌಕೆ ಗೋಬೆನ್ ಕಲ್ಲಿದ್ದಲು ತುಂಬಿಸಿಕೊಳ್ಳಲು ಇಲ್ಲಿಗೇ ಬಂದಿತ್ತು. ಈಗಲೂ ಇಲ್ಲಿ ಅಡಗಿ ಕೂರುವುದು ಸುಲಭ. ಬಂದರಾದ ಸ್ತಾವ್ರೊಸ್‌ನ ಮುಂದೆಯೇ ಮರಳು. ಇಪ್ಪತ್ತು ನಿಮಿಷ ನಡೆದರೆ ಕೆಂದ್ರೊಸ್ ದಂಡೆ. ಕೆಂದ್ರೊಸ್‌ನಲ್ಲಿ ಬೇಸಿಗೆಯಲ್ಲಿ ಡೇರೆ ಹಾಕಿಕೊಂಡವರು, ಬಟ್ಟೆಯಿಲ್ಲದೆ ಈಜುವವರು ಇರುತ್ತಾರೆ. ಅಪ್ಪ ಅಮ್ಮನನ್ನು ಕರೆದೊಯ್ಯುವ ಮುನ್ನ ಇದು ಗೊತ್ತಿರಲಿ. ನಡೆಯುವವರಿಗೆ ದಾರಿಗಳು ಸೊಗಸು. ತೊಡಕು ಹಡಗಿನದು: ಬರುವುದೇ ಕಡಿಮೆ, ಬರುವ ದಾರಿಯೂ ಉತ್ತರದ ಗಾಳಿಗೆ ಮೈಯೊಡ್ಡಿದ್ದು.

ಇನ್ನು ಇರಾಕ್ಲಿಯಾ. ನಾಲ್ಕರಲ್ಲಿ ದೊಡ್ಡದು, ಸುಮಾರು 18 ಚದರ ಕಿಲೋಮೀಟರು. ಪಾಪಾಸ್ ಬೆಟ್ಟ 400 ಮೀಟರಿಗೂ ಎತ್ತರ. ಜಾಗ ಹೆಚ್ಚು, ಜನ ಕಡಿಮೆ, ಹಾಗಾಗಿ ಆಗಸ್ಟಿನಲ್ಲೂ ಉಸಿರಾಡಬಹುದು. ಕೋಣೆಯನ್ನು ಬಂದರಿನ ಊರಾದ ಆಯಿಯೊಸ್ ಯೊರ್ಗಿಯೊಸ್‌ನಲ್ಲೇ ಹಿಡಿಯಿರಿ. ಮೇಲಿನ ಪನಾಯಿಯಾ ಊರು ಚೆಂದ, ಆದರೆ ನಾಲ್ಕು ಕಿಲೋಮೀಟರು ದೂರ, ಈಜಿಗೆ ಪ್ರತಿದಿನ ಇಳಿದು ಹತ್ತಬೇಕು. ಬಂದರಿನಿಂದ ಲಿವಾದಿ ದಂಡೆಗೆ ಇಪ್ಪತ್ತು ನಿಮಿಷ. ಉದ್ದನೆಯ ಮರಳು, ಬಹುದೂರ ಸೊಂಟಮಟ್ಟದ ನೀರು. ಈಜು ಬರದವರಿಗೂ ಧೈರ್ಯ ಬರುತ್ತದೆ.

ಇಲ್ಲಿ ಬಿಡಬಾರದ್ದು ಸಂತ ಯೋಹಾನನ ಗುಹೆ. ಹೋಗಲು ಒಂದೂವರೆ ಗಂಟೆಯ ಕಲ್ಲುದಾರಿ, ನಡುವೆ ಪಾಳುಬಿದ್ದ ಆಯಿಯೊಸ್ ಅಥನಾಸಿಯೊಸ್ ಹಳ್ಳಿ. ಅಂಗಡಿಯಿಲ್ಲ, ಮರವಿಲ್ಲ. ತಲೆಗೆ ಎರಡು ಲೀಟರ್ ನೀರು, ಗಟ್ಟಿ ಅಟ್ಟೆಯ ಶೂ ಬೇಕು. ಬೆಳಿಗ್ಗೆ ಎಂಟರೊಳಗೆ ಹೊರಡಬೇಕು. ಗುಹೆಯ ಬಾಯಿ ತಗ್ಗು, ಮಂಡಿಯೂರಿ ತೆವಳಿಯೇ ಒಳಹೋಗಬೇಕು. ಒಳಗೆ ಎದ್ದು ನಿಂತರೆ ಕತ್ತಲು, ಜಾರುವ ನೆಲ. ಮೊಬೈಲಿನ ಬೆಳಕು ಹಿಡಿದರೆ ಊರಲು ಕೈ ಉಳಿಯುವುದಿಲ್ಲ, ಹಣೆಗೆ ಕಟ್ಟುವ ಟಾರ್ಚ್ ಒಯ್ಯಿರಿ. ಆಗಸ್ಟ್ 28ರ ಸಂಜೆ ಊರಿನವರು ಮೇಣದಬತ್ತಿ ಹಚ್ಚಿ ಒಳಗೆ ಪೂಜೆ ನಡೆಸುತ್ತಾರೆ. ಆ ವಾರ ಹೋಗುವುದಾದರೆ ಕೋಣೆ ಬಹಳ ಮುಂಚೆ ಹಿಡಿಯಬೇಕು.

ಎಲ್ಲಿಗೆ ಹೋದರೂ ಯೋಜನೆ ಕೆಡುವುದು ಹಡಗಿನ ಲೆಕ್ಕದಲ್ಲೇ. ಅಥೆನ್ಸ್‌ನ ಬಂದರಾದ ಪಿರೇಯಸ್‌ನಿಂದ ದೊಡ್ಡ ಹಡಗು ವಾರದ ಕೆಲವು ದಿನ ನೇರ ಬರುತ್ತದೆ. ಮಿಕ್ಕ ದಿನ ನಾಕ್ಸೊಸ್‌ವರೆಗೆ ಐದು ಗಂಟೆಗೂ ಮೇಲೆ ಪಯಣಿಸಿ, ಅಲ್ಲಿ ಸ್ಕೊಪೆಲಿಟಿಸ್ ಎಂಬ ಪುಟ್ಟ ಹಡಗು ಹಿಡಿಯಬೇಕು. ಅಲ್ಲಿಂದ ಇರಾಕ್ಲಿಯಾಕ್ಕೆ ಸುಮಾರು ಒಂದೂವರೆ ಗಂಟೆ. ಹೊಟ್ಟೆ ತೊಳೆಸುವವರು ಮಾತ್ರೆಯನ್ನು ಅರ್ಧ ಗಂಟೆ ಮುಂಚೆಯೇ ನುಂಗಿ, ಹಡಗಿನ ಹಿಂಭಾಗದಲ್ಲಿ ಕೂರಬೇಕು. ಜುಲೈ, ಆಗಸ್ಟಿನಲ್ಲಿ ಮೆಲ್ತೆಮಿ ಎಂಬ ಉತ್ತರದ ಗಾಳಿ ದಿನಗಟ್ಟಲೆ ಬೀಸುತ್ತದೆ. ಆಗ ಮೊದಲು ನಿಲ್ಲುವುದು ವೇಗದ ಕ್ಯಾಟಮರಾನ್‌ಗಳು, ಸಣ್ಣ ಹಡಗುಗಳು. ಟಿಕೆಟಿನ ಹಣ ವಾಪಸಾಗುತ್ತದೆ, ತಪ್ಪಿದ ವಿಮಾನದ್ದು ಆಗುವುದಿಲ್ಲ. ಹಾಗಾಗಿ ಕೊನೆಯ ರಾತ್ರಿ ಅಥೆನ್ಸ್‌ನಲ್ಲಿ, ಅದರ ಹಿಂದಿನದು ನಾಕ್ಸೊಸ್‌ನಲ್ಲಿ ಎಂದು ಮೊದಲೇ ಬರೆದಿಟ್ಟು, ಉಳಿದ ದಿನಗಳನ್ನಷ್ಟೇ ದ್ವೀಪಕ್ಕೆ ಕೊಡಿ. ಒಂದು ವಾರದಲ್ಲಿ ನಾಲ್ಕನ್ನೂ ಮುಟ್ಟಿ ಬರುವ ಆಸೆ ಬಿಡಿ, ದಿನಗಳೆಲ್ಲ ಬಂದರಿನಲ್ಲೇ ಕಳೆಯುತ್ತವೆ.

ನಮ್ಮ ಏಪ್ರಿಲ್‌ ರಜೆ ಇಲ್ಲಿಗೆ ಹೊಂದುವುದಿಲ್ಲ. ನೀರು ತಣ್ಣಗೆ, ಅರ್ಧ ಊರು ಬಾಗಿಲು ಹಾಕಿರುತ್ತದೆ. ಜೂನ್ ಅಥವಾ ಸೆಪ್ಟೆಂಬರ್ ಸರಿ. ದಸರಾ ಸೆಪ್ಟೆಂಬರ್ ಕೊನೆಗೆ ಬಿದ್ದ ವರ್ಷ ಅದೃಷ್ಟ: ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ಬಾಡಿಗೆ ಇಳಿದಿರುತ್ತದೆ. ಗ್ರೀಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ದೊಡ್ಡವರಿಗೆ ಶುಲ್ಕ 90 ಯೂರೋ, ವಿಮೆ ಕನಿಷ್ಠ 30,000 ಯೂರೋದ್ದು. ಕೋಣೆಗಳನ್ನು ರದ್ದು ಮಾಡಬಹುದಾದ ದರದಲ್ಲಿ ಹಿಡಿದು, ವೀಸಾ ಕೈಗೆ ಬಂದ ಮೇಲೆ ಹಡಗಿನ ಟಿಕೆಟ್ ಕೊಳ್ಳಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ, ಕೇಳುವ ರೀತಿ ಗೊತ್ತಿದ್ದರೆ ಸಾಕು. ‘ನಿಸ್ತಿಸಿಮೊ’ ಎಂದರೆ ಚರ್ಚಿನ ಉಪವಾಸದ ಅಡುಗೆ: ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸೀಗಡಿ, ಆಕ್ಟೋಪಸ್ ಅದರಲ್ಲಿ ನಡೆಯುತ್ತದೆ, ಅವೂ ಬೇಡವೆಂದು ಬಿಡಿಸಿ ಹೇಳಬೇಕು. ಅನ್ನ ತುಂಬಿದ ಟೊಮೇಟೊ ಗೆಮಿಸ್ತಾದಲ್ಲಿ ಕೆಲವೊಮ್ಮೆ ಕೈಮಾ ಸೇರಿರುತ್ತದೆ, ‘ಒರ್ಫನಾ’ ಎಂದು ಕೇಳಿದರೆ ಬರಿಯ ಅನ್ನದ್ದು ಬರುತ್ತದೆ. ನಗದು ನಾಕ್ಸೊಸ್‌ನಲ್ಲೇ ತೆಗೆದುಕೊಳ್ಳಿ, ದ್ವೀಪದ ಎಟಿಎಂ ನೆಚ್ಚಬೇಡಿ. ಶೌಚಾಲಯದ ಕೊಳವೆಗಳು ಕಿರಿದು, ಕಾಗದವನ್ನು ಪಕ್ಕದ ಬುಟ್ಟಿಗೇ ಹಾಕಬೇಕು. ಜೆಟ್ ಸ್ಪ್ರೇ ಸಿಗುವುದಿಲ್ಲ, ಪೆಟ್ಟಿಗೆಯಲ್ಲಿ ಒಂದು ಪ್ಲಾಸ್ಟಿಕ್ ಚೊಂಬಿಗೆ ಜಾಗ ಮಾಡಿ.